ನೆರೆಯವರ ಹೆಸರಿನ ರೋಗ

ರೋಗಕ್ಕೆ ಹೆಸರಿಡುವುದರಲ್ಲಿ ಮನುಷ್ಯ ತೋರಿರುವ ಜಾಣತನವನ್ನು ಕಂಡಾಗ ನನಗೆ ನಗೆಯೂ ಬರುತ್ತದೆ, ವಿಷಾದವೂ ಆಗುತ್ತದೆ. 1495ರ ಸುಮಾರಿಗೆ ಇಟಲಿಯಲ್ಲಿ ಹಬ್ಬಿದ ಒಂದು ಗುಹ್ಯರೋಗವನ್ನು ಅಲ್ಲಿಯವರು ಫ್ರೆಂಚರ ರೋಗವೆಂದು ಕರೆದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ನಮ್ಮ ದೇಶದಲ್ಲಿ ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಅದನ್ನು ‘ಫಿರಂಗರೋಗ’ವೆಂದ, ಕನ್ನಡದ ಆಡುಮಾತಿನಲ್ಲಿ ಅದು ಪರಂಗಿ ರೋಗವಾಯಿತು. ತಪ್ಪು ಯಾವಾಗಲೂ ನೆರೆಯವರದೇ! ‘ಸಿಫಿಲಿಸ್’ ಎಂಬ ಹೆಸರು ಬಂದದ್ದು ವೆರೋನದ ವೈದ್ಯಕವಿ ಫ್ರಕಾಸ್ಟೋರೋ 1530ರಲ್ಲಿ ಪ್ರಕಟಿಸಿದ ಲ್ಯಾಟಿನ್ ಕಾವ್ಯದ ಕುರುಬನೊಬ್ಬನಿಂದ.

ನಿಜವಾದ ಅಪರಾಧಿ ಕಣ್ಣಿಗೆ ಬಿದ್ದದ್ದು 1905ರ ಮಾರ್ಚಿಯಲ್ಲಿ, ಬರ್ಲಿನ್ನಿನಲ್ಲಿ. ಚರ್ಮವೈದ್ಯ ಎರಿಕ್ ಹಾಫ್‌ಮನ್ ತೆಗೆದುಕೊಟ್ಟ ಹುಣ್ಣಿನ ರಸವನ್ನು ಪರೀಕ್ಷಿಸುತ್ತಿದ್ದ ಪ್ರಾಣಿಶಾಸ್ತ್ರಜ್ಞ ಫ್ರಿಟ್ಜ್ ಷೌಡಿನ್, ಸೂಕ್ಷ್ಮದರ್ಶಕದಡಿ ಹೊರಳಾಡುವ ನಸುಬಿಳುಪಿನ ಸುರುಳಿಯೊಂದನ್ನು ಕಂಡ. ಅದರ ದಪ್ಪ ಮಿಲಿಮೀಟರಿನ ಸುಮಾರು ಐದು ಸಾವಿರದಲ್ಲೊಂದು ಪಾಲು; ಬಣ್ಣವನ್ನೂ ಸುಲಭವಾಗಿ ಹಿಡಿಯದು. ಮರುವರ್ಷ ವಿಯೆನ್ನಾದಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಮುಕಾ ಓರೆಬೆಳಕಿನಲ್ಲಿ ಅದನ್ನು ನೋಡಿದರು. ಹೆಂಚಿನ ಸಂದಿಯಿಂದಿಳಿದ ಬಿಸಿಲುಕೋಲಿನಲ್ಲಿ ದೂಳಿನ ಕಣ ಹೊಳೆಯುವಂತೆ ಕಪ್ಪು ಹಿನ್ನೆಲೆಯಲ್ಲಿ ರೋಗಾಣು ಹೊಳೆಯಿತು.

ಆದರೆ ಹುಣ್ಣು ಮಾಯುತ್ತದೆ. ರೋಗಾಣು ಮಾತ್ರ ದೇಹದೊಳಗೆ ವರ್ಷಗಟ್ಟಲೆ ಅಡಗಿರಬಲ್ಲದು. ಆಗ ರಕ್ತವೇ ಸಾಕ್ಷಿ ಹೇಳಬೇಕು. 1906ರಲ್ಲಿ ವಾಸರ್‌ಮನ್, ನೈಸರ್, ಬ್ರುಕ್ ಎಂಬ ಮೂವರು ಅಂಥ ರಕ್ತಪರೀಕ್ಷೆಯೊಂದನ್ನು ಪ್ರಕಟಿಸಿದರು. ರೋಗ ತಗುಲಿದ ಭ್ರೂಣದ ಯಕೃತ್ತಿನ ಸಾರವನ್ನು ಅವರು ಬಳಸಿದ್ದರು. ಆರೋಗ್ಯವಂತ ಪ್ರಾಣಿಯ ಹೃದಯದ ಸಾರದಿಂದಲೂ ಅದೇ ಫಲ ದೊರೆಯುವುದೆಂದು ಬಹುಬೇಗ ತಿಳಿದುಬಂತು. ಪರೀಕ್ಷೆಗೆ ಸಿಕ್ಕುತ್ತಿದ್ದುದು ರೋಗಾಣುವಲ್ಲ, ಒಂದು ಬಗೆಯ ಕೊಬ್ಬಿನ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯ. ಆ ಕೊಬ್ಬನ್ನು ಮೇರಿ ಪ್ಯಾಂಗ್‌ಬಾರ್ನ್ 1941ರಲ್ಲಿ ಬೇರ್ಪಡಿಸಿದಳು, 1946ರ ವಿ.ಡಿ.ಆರ್.ಎಲ್. ಪರೀಕ್ಷೆ ನಿಂತಿರುವುದು ಅದರ ಮೇಲೆಯೇ.

ಇಲ್ಲಿಯೇ ಇದೆ ತೊಡಕು. ಮಲೇರಿಯ, ಕುಷ್ಠ, ಒಮ್ಮೊಮ್ಮೆ ಬಸಿರು ಕೂಡ ಇಂಥದೇ ಪ್ರತಿಕಾಯವನ್ನು ಹುಟ್ಟಿಸಬಹುದು. ನಿರಪರಾಧಿಯ ರಕ್ತವೇ ಅವನ ವಿರುದ್ಧ ಸುಳ್ಳುಸಾಕ್ಷಿ ನುಡಿಯಬಹುದು. 1935ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ ಮದುವೆಗೆ ಮುನ್ನ ರಕ್ತಪರೀಕ್ಷೆಯನ್ನು ಕಡ್ಡಾಯ ಮಾಡಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. ಆ ಕಾನೂನುಗಳು ಮುಂದೆ ರದ್ದಾದವು. ಆದರೂ ಒಂದು ಚೀಟಿಯ ಮೇಲಿನ ಒಂದು ಪದ ಎಷ್ಟು ಸಂಬಂಧಗಳನ್ನು ಮುರಿಯಬಲ್ಲದೆಂಬುದನ್ನು ಊಹಿಸಿಕೊಳ್ಳಬಹುದು.

ಆದ್ದರಿಂದಲೇ ಈಗ ಮೊದಲ ಫಲಿತಾಂಶವನ್ನು, ಆ ರೋಗಾಣುವಿನ ವಿರುದ್ಧವೇ ಹುಟ್ಟಿದ ಪ್ರತಿಕಾಯವನ್ನು ಹುಡುಕುವ ಇನ್ನೊಂದು ಪರೀಕ್ಷೆಯಿಂದ ಒರೆಗೆ ಹಚ್ಚುತ್ತಾರೆ. 1943ರಿಂದ ಪೆನಿಸಿಲಿನ್ ಇದೆ. ಗರ್ಭಿಣಿಗೆ ಸಕಾಲದಲ್ಲಿ ಪರೀಕ್ಷೆಯಾಗಿ ಔಷಧ ಸಿಕ್ಕರೆ ಮಗುವೂ ಉಳಿಯುತ್ತದೆ. ಪರೀಕ್ಷೆ ಇರುವುದು ಇದಕ್ಕಾಗಿ, ಶೀಲದ ತೀರ್ಪಿಗಾಗಿ ಅಲ್ಲ. ರೋಗಾಣುವಿನ ಗುರುತು ಸಿಕ್ಕು ನೂರು ವರ್ಷಕ್ಕೂ ಮಿಕ್ಕಿತು. ನೆರೆಯವರತ್ತ ಬೆರಳು ತೋರುವ ಹಳೆಯ ಚಾಳಿ ಮಾತ್ರ ನಮ್ಮನ್ನು ಇನ್ನೂ ಪೂರ್ತಿ ಬಿಟ್ಟಿಲ್ಲವೆಂದೇ ನನ್ನ ಭಾವನೆ.