ಇಲ್‌ಫರ್ಡಿನ ಬರಿಗಾಲು

2024ರ ಯೂರೋ ಕಪ್ ಹೊತ್ತಿನಾಗ ಲಂಡನ್ನಿನ ಪಬ್ ಪಬ್‌ಗೂ ಇಂಗ್ಲೆಂಡ್ ಬಾವುಟ. ಟವರ್ ಬ್ರಿಡ್ಜ್ ಎಲ್ಲಾರೂ ನೋಡ್ತಾರ. ನಾನು ಸ್ಟ್ರಾಟ್‌ಫರ್ಡಿನಿಂದ ರೋಮ್‌ಫರ್ಡ್ ರಸ್ತೆ ಹಿಡಿದು ಇಲ್‌ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದ ತನಕ ನಡೆದೆ. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ, ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಆಡಿದ್ದು ಇಲ್ಲೇ.

ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಹೆಚ್ಚಿನವರದು ಬರಿಗಾಲು, ಅಗಡಿಯಾಗ ನಾವು ಆಡ್ತಿದ್ದಂಗ. ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಕೊನೇ ಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಬೂಟಿಲ್ಲದ್ದಕ್ಕ ಸೋತರು ಅಂತ ಆಫೀಸಿನಾಗ ಈಗಲೂ ಹೇಳ್ತಾರ. ಖರೇ ಅಂದ್ರ, ಭಾರತಕ್ಕೆ ಸಿಕ್ಕ ಎರಡೂ ಪೆನಾಲ್ಟಿ ಗೋಲಾಗಲಿಲ್ಲ. ಅದಕ್ಕ ಬೂಟು ಏನು ಮಾಡೀತು?

ಬೂಟಿನ ಕೊರತೆ ನಿಜವಾಗಿ ಕಾಡಿದ್ದು 1952ರ ಹೆಲ್ಸಿಂಕಿಯ ಚಳಿಯಲ್ಲಿ. ಯುಗೋಸ್ಲಾವಿಯಾ 10, ಭಾರತ 1. ಆ ಒಂದು ಗೋಲು ಅಹ್ಮದ್ ಖಾನರದು.