ಕಳ್ಳಂಗೊ ಎಂತರ ಕದಿಗು?

1985ರಲ್ಲಿ ಅಮೇರಿಕಲ್ಲಿ ಕಾರ್ಮೆನ್ ಸ್ಯಾಂಡಿಯಾಗೊ ಹೇಳ್ತ ಕಂಪ್ಯೂಟರ್ ಆಟ ಬಂದದು. ಕಳ್ಳಂಗೊ ದೇಶದೇಶದ ಹೆಸರುವಾಸಿ ವಸ್ತುಗಳ ಕದಿತ್ತವು. ಭೂಗೋಳ ಕಲ್ತು ಅವರ ಹಿಡಿಯೆಕ್ಕು. ಮಗ° ಅದರ ಆಡಿಗೊಂಡಿಪ್ಪಗ ಕೇಳಿದ°, "ಅಮ್ಮಾ, ನಮ್ಮ ಬಂಟ್ವಾಳದ ಹತ್ರಂದ ಎಂತರ ಕದಿಗು?"

ಬೆಳ್ತಂಗಡಿ ತಾಲೂಕಿನ ವೇಣೂರು ಗೊಮ್ಮಟ 1604ರದ್ದು, 35 ಅಡಿ. ಮೂಡುಬಿದ್ರೆಯ ಸಾವಿರ ಕಂಬದ ಬಸದಿ 1430ರದ್ದು. ಆಟದ ಕಳ್ಳಂಗೆ ಇದೆಲ್ಲ ಸುಲಭ. ನಿಜದ ಕಳ್ಳಂಗೆ ಚೀಲಕ್ಕೆ ಹಿಡಿವಂಥದ್ದೇ ಆಯೆಕ್ಕು. 2013ರಲ್ಲಿ ಮೂಡುಬಿದ್ರೆಲಿ ಸಿದ್ಧಾಂತ ದರ್ಶನದ ಬೆಲೆಬಾಳುವ ಮೂರ್ತಿಗಳೇ ಕಳವಾದ್ದು.

ಆಟಲ್ಲಿ ಕಳ್ಳ° ಸಿಕ್ಕಿರೆ ಮುಗುತ್ತು. ಊರಿಲಿ ಹಾಂಗಲ್ಲ. ಮರುದಿನವೇ ಮಗನ ಮೂಡುಬಿದ್ರೆಗೆ ಕರಕ್ಕೊಂಡು ಹೋದೆ. ಎಂತರ ಇದ್ದು ಹೇಳಿ ನೋಡಿದವಕ್ಕೇ, ಇಲ್ಲದ್ದಪ್ಪಗ ಗೊಂತಕ್ಕಷ್ಟೆ.