ಮತಬೋಧನೆಗೆ ಬಂದವರು ಕನ್ನಡಕ್ಕೆ ಕೊಟ್ಟದ್ದು

ಬೈಕುಲ್ಲಾದ ನಾವು ದಿನವೂ ಅನೇಕ ಮತಗಳ ನಡುವೆ ಓಡಾಡುವವರು. ಗ್ಲೋರಿಯಾ ಇಗರ್ಜಿ, ಯಹೂದ್ಯರ ಮಾಗೆನ್ ಡೇವಿಡ್ ಪ್ರಾರ್ಥನಾಮಂದಿರ, ಮಸೀದಿ, ದೇವಸ್ಥಾನ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಆದರೆ ನೆರೆಯವರ ಧರ್ಮವನ್ನು ಕುರಿತು ನಮಗೆ ತಿಳಿದಿರುವುದೆಷ್ಟು? ಈ ಪ್ರಶ್ನೆಗೆ ಕನ್ನಡನಾಡಿನ ಚರಿತ್ರೆಯಲ್ಲಿ ಒಂದು ಪಾಠವುಂಟು. ಅದರ ಒಂದು ಎಳೆ ಈ ಮುಂಬಯಿಗೂ ಸೇರಿದೆ.

ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದುದು 1834ರಲ್ಲಿ. ಅವರ ಉದ್ದೇಶ ಮತಪ್ರಚಾರವೇ ಆಗಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಅವರಲ್ಲೊಬ್ಬರಾದ ವೈಗ್ಲೆಯವರು 1841ರಲ್ಲಿ ಪುಸ್ತಕ ಅಚ್ಚು ಹಾಕಿಸಲು ಮುಂಬಯಿಗೆ ಬಂದರು. ಇಲ್ಲಿ ಅಚ್ಚು ಹಾಕಿಸುವುದಕ್ಕಿಂತ ಯಂತ್ರವನ್ನೇ ಕೊಳ್ಳುವುದು ಅಗ್ಗವೆಂದು ಕಂಡು, ಕಲ್ಲಚ್ಚಿನ ಯಂತ್ರದೊಡನೆ, ಇಬ್ಬರು ಮರಾಠಿ ಸಹಾಯಕರನ್ನೂ ಕರೆದುಕೊಂಡು ಮಂಗಳೂರಿಗೆ ಮರಳಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಹೊರಬಿತ್ತು.

ಅದರ ಸಂಪಾದಕರು ಹರ್ಮನ್ ಮೊಗ್ಲಿಂಗ್. 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮನೆಮಗನನ್ನು ಕಳೆದುಕೊಂಡ ಸಂಕಟ ಸಣ್ಣದಲ್ಲ. ಆದರೆ ಒಂದು ಧರ್ಮವನ್ನು ಅಲ್ಲಗಳೆಯಬೇಕಾದರೂ ಮೊದಲು ಅದನ್ನು ತಿಳಿಯಬೇಕಷ್ಟೆ. ಮೊಗ್ಲಿಂಗರು ತಿಳಿಯಹೊರಟರು. ಜೈಮಿನಿ ಭಾರತ, ಬಸವಪುರಾಣಗಳನ್ನು ಸಂಪಾದಿಸಿದರು. 1850ರಲ್ಲಿ ದಾಸರ ಪದಗಳನ್ನೂ ಅಚ್ಚಿಗೆ ಕೊಟ್ಟರು. ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿ ಈ ಗ್ರಂಥಮಾಲೆಗೆ ಹಣ ಒದಗಿಸಿದರು. ಮೂರ್ತಿಪೂಜೆಯನ್ನು ಖಂಡಿಸಿದವರೇ ಪುರಂದರದಾಸರನ್ನು ಪುಸ್ತಕರೂಪದಲ್ಲಿ ಉಳಿಸಿಕೊಟ್ಟರು!

1853ರಲ್ಲಿ ಬಂದ ಕಿಟ್ಟೆಲರು ಇನ್ನೂ ಮುಂದೆ ಹೋದರು. ಏಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ಹಾಡಿದರು. ವೇದದ ಯಜ್ಞವನ್ನೂ ಕ್ರಿಸ್ತನ ಬಲಿದಾನವನ್ನೂ ಹೋಲಿಸಿ ಬರೆದರು. ಆ ತಕ್ಕಡಿ ಸಮವಾಗಿತ್ತೆಂದು ನಾವು ಹೇಳಲಾರೆವು; ತೀರ್ಪು ಮೊದಲೇ ನಿಶ್ಚಯವಾಗಿತ್ತು. ಆದರೆ ತೂಗುವುದಕ್ಕಾಗಿ ಅವರು ಕನ್ನಡವನ್ನು ಬೇರಿನಿಂದ ಕಲಿತರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಅವರ ಮಹಾನಿಘಂಟು ಹೊರಬಂದಿತು. ಆ ವಾದದ ಹೊತ್ತಗೆಗಳನ್ನು ಇಂದು ಓದುವವರು ವಿರಳ; ನಿಘಂಟು ಮಾತ್ರ ಎಲ್ಲ ಮತದ ಕನ್ನಡಿಗರ ಮೇಜಿನ ಮೇಲಿದೆ.

ಇದರಿಂದ ನಾವು ಗ್ರಹಿಸಬೇಕಾದುದು ಎರಡು. ಪರಧರ್ಮವನ್ನು ಅಳೆಯುವ ಮುನ್ನ ಅದನ್ನು ಅವರದೇ ಮಾತಿನಲ್ಲಿ, ತೀರ್ಪನ್ನು ಬದಿಗಿಟ್ಟು ಕೇಳಬೇಕು. ಇನ್ನೊಂದು ನಮ್ಮ ಮನೆಯದೇ ವಿಷಯ. ಜರ್ಮನಿಯಿಂದ ಬಂದವರು ಕನ್ನಡ ಕಲಿತು ದಾಸರ ಪದಗಳನ್ನು ಓದಿದರು. ಈ ಊರಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರವೇ ಬಾರದಿದ್ದರೆ, ನೆರೆಯವರ ಧರ್ಮದ ಮಾತು ಹಾಗಿರಲಿ, ಅಜ್ಜಿ ಹಾಡುವ ಪದದ ಅರ್ಥವೂ ಅವರಿಗೆ ತಿಳಿಯದು. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಮನೆಗೊಂದು ವರ್ಣಮಾಲೆಯ ಪುಸ್ತಕ ತಂದು, ದಿನಕ್ಕೆ ಅರ್ಧ ತಾಸು ಮಕ್ಕಳೊಡನೆ ಕೂಡುವ ಸಂಕಲ್ಪವನ್ನು ನಾವೆಲ್ಲರೂ ಮಾಡೋಣ.